ನೋಡದೆಯೇ ವೇಗ ತಿಳಿಯುವುದು
(ಸುವರ್ಣ ಮಹೋತ್ಸವದಂದು ಮಾಡಿದ ಭಾಷಣ)



ಮೋಟಾರು ನೋಡದವರು ನಮ್ಮೂರಿನಲ್ಲಿಲ್ಲ. ತೋಟದ ಪಂಪ್‌ಸೆಟ್ಟಿನಲ್ಲೂ ಪಕ್ಕದ ಪೀಣ್ಯದ ಲೇತಿನಲ್ಲೂ ತಿರುಗುವುದು ಹೆಚ್ಚಾಗಿ ಇಂಡಕ್ಷನ್ ಮೋಟಾರೇ. ನಮ್ಮ ಕರೆಂಟಿನ ಆವರ್ತನ ಸೆಕೆಂಡಿಗೆ 50. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಅಯಸ್ಕಾಂತ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಆದರೆ ಫಲಕದ ಮೇಲೆ 1440 ಎಂದೇನೋ ಬರೆದಿರುತ್ತದೆ. ಒಳಗಿನ ರೋಟರ್ ಅಷ್ಟು ಹಿಂದುಳಿದರೇ ಅದರಲ್ಲಿ ಕರೆಂಟು ಹುಟ್ಟಿ ಬಲ ಬರುವುದು. ಇದಕ್ಕೆ ಸ್ಲಿಪ್ ಎನ್ನುತ್ತೇವೆ. ಭಾರ ಹೆಚ್ಚಿದಂತೆ ಸ್ಲಿಪ್ ಹೆಚ್ಚುತ್ತದೆ. ಹಾಗಾಗಿ ಈ ಕ್ಷಣದ ವೇಗ ಎಷ್ಟೆಂದು ಫಲಕ ಹೇಳಲಾರದು.

ವೇಗ ಅಳೆಯಲು ಶಾಫ್ಟಿನ ತುದಿಗೆ ಎನ್‌ಕೋಡರ್ ಕೂರಿಸುತ್ತಾರೆ. ದೂಳು, ಎಣ್ಣೆ, ಅದುರಿಗೆ ಅದು ಅಥವಾ ಅದರ ತಂತಿ ಬಹಳ ಸಲ ಕೈಕೊಡುತ್ತದೆ. ಬೇರೆ ದಾರಿಯನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಬೋರ್‌ವೆಲ್ಲಿನೊಳಗೆ ಇಣುಕುವುದಿಲ್ಲ; ಸ್ಟಾರ್ಟರ್ ಪೆಟ್ಟಿಗೆಯ ಆಮೀಟರ್ ಮುಳ್ಳು ಇಳಿದರೆ ನೀರು ನಿಂತಿತೆಂದು ತಿಳಿಯುತ್ತಾರೆ. ಸೆನ್ಸರ್ ಇಲ್ಲದ ನಿಯಂತ್ರಣವೂ ಇದೇ ಜಾಣತನ. ಡ್ರೈವ್ ಎಂಬ ಪೆಟ್ಟಿಗೆ ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜು, ಕರೆಂಟುಗಳನ್ನು ನೋಡುತ್ತದೆ. ತಂತಿಯ ರೋಧ ತಿಂದ ವೋಲ್ಟೇಜನ್ನು ಕಳೆದು, ಉಳಿದದ್ದರಿಂದ ಕ್ಷೇತ್ರದ ವೇಗವನ್ನೂ ಸ್ಲಿಪ್ಪನ್ನೂ ಲೆಕ್ಕ ಹಾಕಿ ರೋಟರಿನ ವೇಗ ಹೇಳುತ್ತದೆ. ಆ ಕಳೆಯುವ ಲೆಕ್ಕ ಇದೇ ಶಾಲೆಯಲ್ಲಿ ನಾನು ಕಲಿತ ಓಮನ ನಿಯಮ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಗೋಪಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ಈ ವಿಷಯದಲ್ಲಿ ಸಂಶೋಧನೆ ಮಾಡಿದ್ದಾರೆ.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಭಾರ ಎತ್ತುವ ಯಂತ್ರವೊಂದಕ್ಕೆ ಎನ್‌ಕೋಡರ್ ಬೇಡ, ಖರ್ಚು ಉಳಿಯುತ್ತದೆ ಎಂದು ಬರೆದುಕೊಟ್ಟವನು ನಾನೇ. ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿತ್ತು. ಮಧ್ಯಾಹ್ನ ಮೋಟಾರು ಕಾದಿತ್ತು. ಭಾರವನ್ನು ನಡುವೆ ನಿಲ್ಲಿಸಹೋದಾಗ ಅದು ಮೆಲ್ಲನೆ ಕೆಳಗೆ ಜಾರತೊಡಗಿತು. ಆಪರೇಟರ್ ಅಣ್ಣ ತಕ್ಷಣ ಬ್ರೇಕ್ ಹಾಕಿದರು. ಯಾರಿಗೂ ಪೆಟ್ಟಾಗಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದದ್ದಿಷ್ಟೆ. ತಾಮ್ರ 50 ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಐದನೇ ಒಂದು ಭಾಗ ಏರುತ್ತದೆ. ವೇಗ ಹೆಚ್ಚಿದ್ದಾಗ ಈ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ವೇಗ ಸೊನ್ನೆಯ ಹತ್ತಿರ ಬಂದಾಗ ಕಳೆದು ಉಳಿಯುವ ವೋಲ್ಟೇಜೇ ಅತಿ ಸಣ್ಣದು. ಆಗ ತಪ್ಪೇ ಅದಕ್ಕಿಂತ ದೊಡ್ಡದಾಗುತ್ತದೆ. ಪಂಪು, ಫ್ಯಾನುಗಳಿಗೆ ಸೆನ್ಸರ್ ಇಲ್ಲದೆ ಚೆನ್ನಾಗಿ ನಡೆಯುತ್ತದೆ. ಭಾರವನ್ನು ತೂಗಿ ನಿಲ್ಲಿಸಬೇಕಾದಲ್ಲಿ ನಾನು ಇಂದಿಗೂ ಎನ್‌ಕೋಡರ್ ಬೇಕೆಂದೇ ಬರೆಯುತ್ತೇನೆ.

ಮಕ್ಕಳೆ, ಕಾಣದ್ದನ್ನು ಲೆಕ್ಕದಿಂದ ತಿಳಿಯಬಹುದು. ಆ ಲೆಕ್ಕ ಎಲ್ಲಿ ಸೋಲುತ್ತದೆಂಬುದನ್ನೂ ಅದರ ಜೊತೆಗೇ ಕಲಿಯಿರಿ. ಅದರ ಕೆಳಗೆ ಯಾರೋ ನಿಂತಿರುತ್ತಾರೆ.