ಮಖಮಲ್ಲಿನ ಮೇಲೊಂದು ಹಣ್ಣಿನ ಬುಟ್ಟಿ



ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳು. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಒಂದು ಚಿತ್ರಕಲೆ ಕಲಿಸುತ್ತಿದ್ದರು. ಥಿಯರಮ್ ಪೇಂಟಿಂಗ್ ಅಂತ ಅದರ ಹೆಸರು. ಬಿಳಿ ಮಖಮಲ್ ಬಟ್ಟೆಯ ಮೇಲೆ ಬುಟ್ಟಿ ತುಂಬ ಹಣ್ಣು. ದ್ರಾಕ್ಷಿ, ಪೀಚ್, ಕಲ್ಲಂಗಡಿ.

ಇದಕ್ಕೆ ಸ್ಟೆನ್ಸಿಲ್, ಅಂದರೆ ಕತ್ತರಿಸಿದ ಅಚ್ಚು, ಬೇಕು. ಎಣ್ಣೆ ಸವರಿದ ಕಾಗದದಲ್ಲಿ ಆಕಾರಗಳನ್ನು ಕತ್ತರಿಸುತ್ತಿದ್ದರು. ಆದರೆ ಒಂದಕ್ಕೊಂದು ತಾಗಿದ ಎರಡು ಹಣ್ಣುಗಳನ್ನು ಒಂದೇ ಹಾಳೆಯಲ್ಲಿ ಕತ್ತರಿಸಿದರೆ, ಎರಡೂ ಸೇರಿ ಒಂದೇ ತೂತು! ಹಾಗಾಗಿ ಈ ದ್ರಾಕ್ಷಿ ಒಂದು ಹಾಳೆಯಲ್ಲಿ, ಮಗ್ಗುಲ ದ್ರಾಕ್ಷಿ ಇನ್ನೊಂದರಲ್ಲಿ. ಒಂದು ಚಿತ್ರಕ್ಕೆ ಹಲವು ಹಾಳೆ. ಯಾವುದರ ಸರದಿ ಯಾವಾಗ ಅಂತ ಮೊದಲೇ ಯೋಚಿಸಬೇಕು.

ಬಣ್ಣಕ್ಕೂ ಅವಸರ ಆಗದು. ತೆಳುವಾದರೆ ಮಖಮಲ್ಲಿನಲ್ಲಿ ಹರಡಿಬಿಡುತ್ತದೆ. ಬಹುಮಟ್ಟಿಗೆ ಒಣಗಿದ ಕುಂಚ ಹಿಡಿದು, ಅಂಚಿನಿಂದ ಒಳಕ್ಕೆ ಮೆಲ್ಲಗೆ ಉಜ್ಜಬೇಕು. ಅಂಚು ಗಾಢ, ನಡು ತಿಳಿ. ಆಗ ಹಣ್ಣು ದುಂಡಗೆ ಉಬ್ಬಿ ಕಾಣುತ್ತದೆ.

ಅಚ್ಚು ಇಟ್ಟು ಬಿಡಿಸಿದ್ದು ಅದೆಂಥ ಕಲೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಅಚ್ಚು ಕೊಡುವುದು ಗಡಿಯನ್ನು ಮಾತ್ರ. ಗಡಿಯೊಳಗಿನ ನೆರಳು, ಬೆಳಕು ಕೈಯದ್ದೇ. ಎಷ್ಟೋ ಚಿತ್ರಗಳಲ್ಲಿ ಬಿಡಿಸಿದವಳ ಹೆಸರಿಲ್ಲ. ಅಂಥದ್ದೊಂದು ಎಲ್ಲಾದರೂ ಕಣ್ಣಿಗೆ ಬಿದ್ದರೆ, ಬುಟ್ಟಿಯನ್ನು ನೋಡಿ ಮುಂದೆ ಹೋಗಬೇಡಿ. ಒಂದು ದ್ರಾಕ್ಷಿಯ ಅಂಚನ್ನು ಹತ್ತಿರದಿಂದ ನೋಡಿ.