ಕಾದಂಬರಿ ಆಡಲಾರದೆ ಹೋದ ಮಾತು

ನಾವು ಕನ್ನಡಿಗರು ಕಥೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗಲೆಲ್ಲ, ನಮಗೆ ಅರಿವಿಲ್ಲದೆಯೆ, ಒಬ್ಬ ಗಂಧರ್ವಕನ್ಯೆಯ ಹೆಸರನ್ನು ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ನಾವೆಲ್ ಎನಿಸಿಕೊಳ್ಳುವ ದೀರ್ಘ ಗದ್ಯಕಥೆಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ಕಾದಂಬರಿ' ಎಂಬ ಹೆಸರು ನೆಲೆಗೊಂಡಿದೆ. ೭ನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದಿಂದ ಈ ಹೆಸರು ಬಂದಿತು. ಆ ಕಾವ್ಯಕ್ಕೆ ಅದು ತನ್ನ ನಾಯಿಕೆಯಿಂದ ಬಂದಿತು. ಹೆಸರು ಮನೆಮಾತಾಗಿದ್ದರೂ ಆ ನಾಯಿಕೆಯ ಪರಿಚಯವು ನಮ್ಮಲ್ಲಿ ಅನೇಕರಿಗೆ ಇಲ್ಲ. ಅವಳ ಕಥೆಯಲ್ಲಿ ಒಂದು ಸಂದರ್ಭವನ್ನು ಮಾತ್ರ ಈ ದಿನ ವಿಚಾರಮಾಡೋಣ. ಅವಳು ತನ್ನ ಪ್ರೇಮವನ್ನು ಹೇಳಿಕೊಳ್ಳಲು ಹೊರಟು, ಹೇಳಲಾರದೆ ನಿಂತ ಸಂದರ್ಭ ಅದು.

ಬಾಣನ ಲೋಕವು ಅದ್ಭುತಗಳ ಲೋಕ. ಅಲ್ಲಿ ಗಿಳಿಯೊಂದು ರಾಜಸಭೆಯಲ್ಲಿ ಕುಳಿತು ಕಥೆ ಹೇಳುತ್ತದೆ. ರಾಜಕುಮಾರನ ಕುದುರೆ ಸಮುದ್ರದಿಂದ ಎದ್ದುಬಂದುದು. ಚಂದ್ರಮಂಡಲದಿಂದ ದಿವ್ಯಪುರುಷನೊಬ್ಬನು ಇಳಿದುಬಂದು ಸತ್ತ ತರುಣನ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಒಂದು ಜನ್ಮದಲ್ಲಿ ಮುಗಿಯದ ಕಥೆ ಇನ್ನೊಂದು ಜನ್ಮದಲ್ಲಿ ಮುಂದುವರಿಯುತ್ತದೆ. ಇಂಥ ಲೋಕದಲ್ಲಿ ಅಸಾಧ್ಯವೆಂಬುದು ಯಾವುದೂ ಇರಲಾರದೆಂದು ನಮಗೆ ತೋರಬಹುದು. ಆದರೆ ಬಾಣನು ಒಂದು ಸಂಗತಿಯನ್ನು ಮಾತ್ರ ಸುಲಭಮಾಡಲಿಲ್ಲ. ಒಬ್ಬ ಹೆಣ್ಣು ತಾನು ಒಲಿದವನಿಗೆ ಒಲಿದೆನೆಂದು ತಿಳಿಸುವುದು ನಮ್ಮ ಲೋಕದಲ್ಲಿ ಎಷ್ಟು ಕಷ್ಟವೋ ಅಲ್ಲಿಯೂ ಅಷ್ಟೇ ಕಷ್ಟ.

ಕಾದಂಬರಿಯು ಹೇಮಕೂಟದ ಗಂಧರ್ವರಾಜನಾದ ಚಿತ್ರರಥನ ಮಗಳು. ಅವಳ ಪ್ರಾಣಸಖಿ ಮಹಾಶ್ವೇತೆ. ಮಹಾಶ್ವೇತೆಯು ಪುಂಡರೀಕನೆಂಬ ಮುನಿಕುಮಾರನಿಗೆ ಒಲಿದು, ಕೂಡುವ ಮೊದಲೆ ಅವನನ್ನು ಕಳೆದುಕೊಂಡು, ಅಚ್ಛೋದಸರಸ್ಸಿನ ತೀರದಲ್ಲಿ ತಪಸ್ವಿನಿಯಾಗಿ ನಿಂತಿದ್ದಾಳೆ. ಸಖಿಯು ಶೋಕದಲ್ಲಿರುವವರೆಗೆ ತಾನು ವಿವಾಹವಾಗೆನೆಂದು ಕಾದಂಬರಿಯ ಪ್ರತಿಜ್ಞೆ. ಅವಳು ತನ್ನ ಮನಸ್ಸಿಗೆ ಕಾವಲಿಟ್ಟುಕೊಂಡಿರುವುದು ನಾಚಿಕೆಯಿಂದ ಮಾತ್ರವೇ ಅಲ್ಲ, ಸ್ನೇಹನಿಷ್ಠೆಯಿಂದ. ಈ ಅಂಶವನ್ನು ಮರೆತರೆ ಮುಂದಿನದೆಲ್ಲ ನಮಗೆ ರಾಜಕುಮಾರಿಯೊಬ್ಬಳ ಬಿನ್ನಾಣವಾಗಿ ಕಂಡೀತು. ಅವಳು ಒಲಿದೆನೆಂದು ಒಪ್ಪಿಕೊಂಡರೆ ಕೊಟ್ಟ ಮಾತಿಗೆ ತಪ್ಪಿದಂತೆ. ಸಖಿ ಅಳುತ್ತಿರುವಾಗ ತಾನು ಸುಖವನ್ನು ಅರಸಿದಂತೆ.

ಆ ಪ್ರತಿಜ್ಞೆಯನ್ನು ಬಿಡಿಸಬೇಕೆಂದು ಮಹಾಶ್ವೇತೆಯೆ ಹೇಮಕೂಟಕ್ಕೆ ಬರುತ್ತಾಳೆ. ಬರುವಾಗ, ಕಿನ್ನರಮಿಥುನವನ್ನು ಬೆನ್ನಟ್ಟಿ ದಾರಿತಪ್ಪಿ ಬಂದಿದ್ದ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡನನ್ನೂ ಕರೆತರುತ್ತಾಳೆ. ಅತಿಥಿಗೆ ಮೊದಲು ತಾಂಬೂಲವನ್ನು ಕೊಡೆಂದು ಅವಳು ಕಾದಂಬರಿಗೆ ಹೇಳುತ್ತಾಳೆ. ಪರಿಚಯವಿಲ್ಲದವರಿಗೆ ಕೊಡಲು ತನಗೆ ಸಂಕೋಚ, ನೀನೆ ಕೊಡು ಎಂದು ಕಾದಂಬರಿ ಮೆಲ್ಲನೆ ನುಡಿಯುತ್ತಾಳೆ. ಮತ್ತೆ ಮತ್ತೆ ಬಲವಂತಮಾಡಿದ ಮೇಲೆ, ಸಖಿಯ ಮುಖದಿಂದ ಕಣ್ಣನ್ನು ತೆಗೆಯದೆ, ನಡುಗುವ ಕೈಯನ್ನು ಮಾತ್ರ ಅವನ ಕಡೆಗೆ ನೀಡುತ್ತಾಳೆ. ಅವಳ ಮೊದಲನೆಯ ನಿವೇದನೆಯೆ ಇದು. ಇದರಲ್ಲಿ ಮಾತಿಲ್ಲ; ನೋಟವೂ ಇಲ್ಲ.

ಅನಂತರ ಅವಳು ಕ್ಷೀರಸಾಗರದಿಂದ ಬಂದ 'ಶೇಷ'ವೆಂಬ ಹಾರವನ್ನು ಸಖಿಯಾದ ಮದಲೇಖೆಯ ಕೈಯಲ್ಲಿ ಅವನಿಗೆ ಕಳುಹಿಸುತ್ತಾಳೆ. ಅದು ಉಪಚಾರವೆ, ಅನುರಾಗವೆ? ಚಂದ್ರಾಪೀಡನಿಗೂ ನಿಶ್ಚಯವಾಗುವುದಿಲ್ಲ. ಈ ಸೌಜನ್ಯವು ಅವಳಿಗೆ ಎಲ್ಲರಲ್ಲಿಯೂ ಸಹಜವಾದುದೆ, ಅಥವಾ ತನ್ನಲ್ಲಿ ಮಾತ್ರವೆ ಎಂದು ಅವನು ತರ್ಕಿಸುತ್ತಾನೆ. ಮುಂದೆ, ವಿರಹತಾಪದಿಂದ ಹಿಮಗೃಹದಲ್ಲಿ ಮಲಗಿರುವ ಅವಳನ್ನು ಕಾಣಲು ಬಂದಾಗ, ವ್ಯಾಧಿಯ ಕಾರಣವೇನೆಂದು ಎರಡು ಅರ್ಥ ಬರುವಂತೆ ಕೇಳುತ್ತಾನೆ. ಅವಳಿಗೆ ಎರಡೂ ಅರ್ಥಗಳು ತಿಳಿಯುತ್ತವೆ. ಆದರೂ ಅವಳ ಉತ್ತರ ಒಂದು ಮುಗುಳುನಗೆ. ಮಾತನ್ನು ಆಡುವವಳು ಮದಲೇಖೆ. ಆ ಮಾತೂ ಎರಡು ಅರ್ಥದ್ದೆ. ಇಬ್ಬರಿಗೂ ವಿಷಯವು ಗೊತ್ತು. ಇಬ್ಬರೂ ಅದನ್ನು ಸುತ್ತಿಬರುತ್ತಾರೆ. ಅಷ್ಟರಲ್ಲಿ ತಂದೆಯ ಓಲೆ ಬಂದು, ಚಂದ್ರಾಪೀಡನು ಉಜ್ಜಯಿನಿಗೆ ಹೊರಟುಹೋಗುತ್ತಾನೆ.

ಅವನು ಹೋದಾಗ ಅವನ ತಾಂಬೂಲವಾಹಿನಿಯಾದ ಪತ್ರಲೇಖೆ ಕಾದಂಬರಿಯ ಬಳಿ ಉಳಿದಿರುತ್ತಾಳೆ. ಕಾದಂಬರಿ ಕಡೆಗೆ ಬಾಯಿಬಿಡುವುದು ಇವಳ ಮುಂದೆ. ಅದೂ ಹೇಗೆ? ದೂರುವ ನೆಪದಿಂದ. ನಿಮ್ಮ ರಾಜಕುಮಾರನು ನನ್ನನ್ನು ನೋಯಿಸುತ್ತಿದ್ದಾನೆ, ದಿನವೂ ಕನಸಿನಲ್ಲಿ ಬಂದು ಕಾಡುತ್ತಾನೆ ಎಂದು ಆಕ್ಷೇಪಣೆ! ಪತ್ರಲೇಖೆ ಒಳಗೊಳಗೆ ನಗುತ್ತಾಳೆ. ಹಾಗಾದರೆ ಸಂದೇಶವೊಂದನ್ನು ಕಳುಹಿಸೆಂದು ಸಲಹೆಮಾಡುತ್ತಾಳೆ. ಆಗ ಕಾದಂಬರಿ, ಏನೆಂದು ಹೇಳಿಕಳುಹಿಸಲಿ ಎಂದು ಒಂದೊಂದೆ ವಾಕ್ಯವನ್ನು ಎತ್ತಿಕೊಂಡು, ತೂಗಿ ನೋಡಿ, ಕೆಳಗಿಡುತ್ತಾಳೆ. ಅವನು ಪ್ರಿಯನೆಂದು ತಿಳಿಸೋಣವೆ? ಅದು ತಿಳಿದಿರುವುದನ್ನೆ ತಿಳಿಸಿದಂತೆ. ತಾನು ಅವನಿಗೆ ಪ್ರಿಯಳೆ ಎಂದು ಕೇಳೋಣವೆ? ಅದು ಜಡರು ಕೇಳುವ ಪ್ರಶ್ನೆ. ತನ್ನ ಒಲವು ಅತಿಶಯವೆನ್ನೋಣವೆ? ಅದು ವೇಶ್ಯೆಯರ ಮಾತು. ಅವನನ್ನು ಬಿಟ್ಟು ಬದುಕಲಾರೆನೆನ್ನೋಣವೆ? ಬದುಕಿಯೆ ಇರುವುದರಿಂದ ಅದು ಸುಳ್ಳು. ತನ್ನ ಮರಣದಿಂದಾದರೂ ಅವನಿಗೆ ತನ್ನ ಪ್ರೀತಿ ಗೊತ್ತಾಗುವುದೆಂದರೆ, ಅದೂ ನಂಬತಕ್ಕ ಮಾತಲ್ಲ. ಹೀಗೆ ಪ್ರೇಮಿಗಳು ಆಡುವ ಮಾತುಗಳೆಲ್ಲವನ್ನೂ ಅವಳು ಶೋಧಿಸಿ ಬಿಸುಡುತ್ತಾಳೆ. ಸುಳ್ಳಾಗಲಿ ಸವಕಲಾಗಲಿ ತನ್ನ ಬಾಯಿಂದ ಬರಬಾರದೆಂದು ಅವಳ ಹಟ. ಈ ಪರೀಕ್ಷೆಯನ್ನು ಕೇಳಿದ ಮೇಲೆ ಅವಳ ಪ್ರೇಮದಲ್ಲಿ ಯಾರಿಗೆ ತಾನೆ ಸಂದೇಹವುಳಿದೀತು? ಒಂದು ಸಂದೇಶವನ್ನೂ ಕೊಡದೆ ಅವಳು ಎಲ್ಲವನ್ನೂ ಹೇಳಿದಂತಾಯಿತು.

ಶ್ರೋತೃಗಳು ಒಂದು ವಿಷಯವನ್ನು ಗಮನಿಸಬೇಕು. ಬಾಣನ ಲೇಖನಿ ನಿಂತುಹೋದುದು ಇಲ್ಲಿಯೆ. ಮರಣದ ಆ ಮಾತಿನೊಡನೆ ಪೂರ್ವಭಾಗವು ನಡುವೆಯೆ ಮುರಿಯುತ್ತದೆ. ಕಾವ್ಯವನ್ನು ಮುಗಿಸದೆಯೆ ಕವಿ ತೀರಿಕೊಂಡನು. ಭೂಷಣಭಟ್ಟನೆಂದೂ ಪುಲಿಂದನೆಂದೂ ಹೇಳಲ್ಪಡುವ ಅವನ ಮಗನು ಉಳಿದುದನ್ನು ಬರೆದು ಪೂರೈಸಿದನು. ಕವಿತ್ವದ ಹೆಮ್ಮೆಯಿಂದಲ್ಲ, ಕಥೆ ಅರ್ಧಕ್ಕೆ ನಿಂತುದಕ್ಕಾಗಿ ಸಜ್ಜನರು ಪಡುತ್ತಿದ್ದ ವ್ಯಥೆಯನ್ನು ನೋಡಿ ತಾನು ಈ ಕೆಲಸಕ್ಕೆ ಕೈಹಾಕಿದೆನೆಂದು ಅವನು ವಿನಯದಿಂದ ಹೇಳಿಕೊಂಡಿದ್ದಾನೆ.

ಮಗನು ಬರೆದ ಭಾಗದಲ್ಲಿ ಆ ಕಡೆಯ ಮಾತಿಗೆ ಭಯಂಕರವಾದ ಉತ್ತರವು ದೊರೆಯುತ್ತದೆ. ಸಾಯುವವಳು ಕಾದಂಬರಿಯಲ್ಲ, ಚಂದ್ರಾಪೀಡ. ಮಿತ್ರನಾದ ವೈಶಂಪಾಯನನ ಮರಣವಾರ್ತೆಯನ್ನು ಅಚ್ಛೋದತೀರದಲ್ಲಿ ಕೇಳಿ ಅವನ ಎದೆ ಒಡೆಯುತ್ತದೆ. ಅವನನ್ನು ಕಾಣಲೆಂದು ಬಂದ ಕಾದಂಬರಿಯ ಕಣ್ಣಿಗೆ ಬೀಳುವುದು ಅವನ ಶವ. ದೇಹವು ಕೆಡದೆ ಉಳಿಯುವುದು, ಶಾಪ ತೀರುವವರೆಗೆ ಕಾದುಕೊಂಡಿರು ಎಂದು ಅಶರೀರವಾಣಿಯಾಗುತ್ತದೆ. ಅಂದು ಸಭೆಯಲ್ಲಿ ತಾಂಬೂಲ ಕೊಡಲು ಕೈನಡುಗಿದವಳು ಈಗ ಎಲ್ಲರೆದುರಿಗೆ ಆ ದೇಹವನ್ನು ತನ್ನದೆಂದು ಇಟ್ಟುಕೊಂಡು ಶುಶ್ರೂಷೆಮಾಡುತ್ತಾಳೆ. ಕಡೆಗೊಂದು ವಸಂತದಲ್ಲಿ, ಮನಸ್ಸನ್ನು ತಡೆಯಲಾರದೆ, ಅದನ್ನು ಆಲಿಂಗಿಸುತ್ತಾಳೆ. ಚಂದ್ರಾಪೀಡನು ಕಣ್ಣುತೆರೆಯುತ್ತಾನೆ.

ಇಲ್ಲಿ ಇನ್ನೊಂದು ಚಮತ್ಕಾರವಿದೆ. ಕಾದಂಬರಿಯು ಪತ್ರಲೇಖೆಗೆ ಗುಟ್ಟಾಗಿ ಹೇಳಿದುದನ್ನು ಪತ್ರಲೇಖೆಯು ಚಂದ್ರಾಪೀಡನಿಗೆ ಹೇಳಿದಳು. ಅದನ್ನೆಲ್ಲ ಜಾಬಾಲಿಮುನಿಯು ಆಶ್ರಮದಲ್ಲಿ ವಿವರಿಸಿದನು. ಅಲ್ಲಿ ಕೇಳಿದ ಗಿಳಿಯು ಶೂದ್ರಕಮಹಾರಾಜನಿಗೆ ನಿವೇದಿಸಿತು. ಆ ಶೂದ್ರಕನಾರು? ಚಂದ್ರಾಪೀಡನೆ ಮರುಹುಟ್ಟು ಪಡೆದು ಬಂದವನು. ಯಾರಿಗೆ ಹೇಳಲಾರದೆ ಅವಳು ಅಷ್ಟು ತೊಳಲಿದಳೊ ಅವನೆ ಸಿಂಹಾಸನದ ಮೇಲೆ ಕುಳಿತು, ಇದು ತನಗಾಗಿ ಆಡಿದ ಮಾತೆಂದು ಅರಿಯದೆ, ಒಂದು ಹಕ್ಕಿಯ ಬಾಯಿಂದ ಅದನ್ನು ಕೇಳುತ್ತಾನೆ. ಕಥೆ ಮುಗಿದು ಪೂರ್ವಸ್ಮೃತಿ ಮರಳಿದಾಗ ಆ ಶರೀರವನ್ನು ಬಿಡುತ್ತಾನೆ. ಅತ್ತ ಅಚ್ಛೋದತೀರದಲ್ಲಿ ಏಳುತ್ತಾನೆ. ಒಂದು ಹುಟ್ಟು ತಡವಾಗಿಯಾದರೂ ಸಂದೇಶವು ಸೇರಬೇಕಾದವನನ್ನು ಸೇರಿತು.

೧೦ನೆಯ ಶತಮಾನದ ಕೊನೆಯ ಭಾಗದವನೆಂದು ಸಾಮಾನ್ಯವಾಗಿ ಎಣಿಸಲಾಗುವ ನಾಗವರ್ಮನು ಈ ಕಥೆಯನ್ನು 'ಕರ್ಣಾಟಕ ಕಾದಂಬರಿ' ಎಂಬ ಚಂಪುವಾಗಿ ಕನ್ನಡಕ್ಕೆ ತಂದನು. ತಂದೆಮಕ್ಕಳ ಎರಡು ಭಾಗಗಳೂ ಅಲ್ಲಿ ಒಬ್ಬ ಕವಿಯ ವಾಣಿಯಿಂದ ಹರಿದುಬಂದಿವೆ. ಸಂಸ್ಕೃತದ ನೀಳ್ದ ಸಮಾಸಗಳಿಗೆ ಅಂಜುವವರು ನಾಗವರ್ಮನ ಮೂಲಕವಾದರೂ ನಾಯಿಕೆಯನ್ನು ಕಾಣಬಹುದು.

ಹೇಳದೆ ತಡಮಾಡಿದುದಕ್ಕೆ ಕಾದಂಬರಿ ತೆತ್ತ ಬೆಲೆ ದೊಡ್ಡದು. ಹಿಮಗೃಹದಲ್ಲಿ ಒಂದು ಮಾತಾಡಿದ್ದರೆ ಅವನು ಸಂಶಯವನ್ನು ಹೊತ್ತುಕೊಂಡು ಊರಿಗೆ ಹೋಗಬೇಕಾಗಿರಲಿಲ್ಲ. ಇದನ್ನು ಬಾಣನು ಮರೆಸಿಲ್ಲ. ಆದರೆ ಅವಳ ಮೌನದ ಹಿಂದೆ ಸಖಿಯ ದುಃಖವನ್ನು ನಿಲ್ಲಿಸಿ, ಅದು ತೆರತಕ್ಕ ಬೆಲೆಯೆ ಎಂದು ನಮ್ಮನ್ನೆ ಕೇಳಿದ್ದಾನೆ. ಇಂದು ಅದ್ಭುತಕಥೆಗಳನ್ನು ಬರೆಯುವವರೂ ಓದುವವರೂ ನಮ್ಮಲ್ಲಿ ಬಹುಮಂದಿ ಇದ್ದಾರೆ. ಶಾಪ, ಮಾಯೆ, ಮರುಹುಟ್ಟುಗಳನ್ನು ಕಲ್ಪಿಸುವುದು ಅಂಥ ಕಷ್ಟವಲ್ಲ. ಅವುಗಳ ನಡುವೆ, ಎದೆಯಲ್ಲಿರುವುದನ್ನು ಹೇಳಬೇಕೆಂದು ಪದಗಳನ್ನು ಒಂದೊಂದಾಗಿ ತೂಗುತ್ತ ಕುಳಿತ ಒಂದು ಹೆಣ್ಣುಜೀವವು ನಿಜವಾಗಿ ಕಾಣಬೇಕು. ಹಾಗೆ ಕಂಡುದರಿಂದಲೆ ಗಂಧರ್ವಲೋಕದ ಕಾದಂಬರಿ ನಮಗೆ ಪರಕೀಯಳಾಗಿಲ್ಲ.