ಸಾಧ್ವಿಯ ಹೆಸರು, ಸಂತೆಯ ಸರಕು

ಇಂಗ್ಲಿಷಿನಲ್ಲಿ 'ಟಾಡ್ರಿ' ಎಂಬ ಗುಣವಾಚಕವೊಂದುಂಟು. ಓದುವಾಗ ಎಂದಾದರೊಮ್ಮೆ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಹೊರಗೆ ಥಳಥಳಿಸುವ, ಆದರೆ ಬೆಲೆಯಿಲ್ಲದ ಒಡವೆ ವಸ್ತ್ರಗಳಿಗೆ ಈ ಮಾತು ಸಲ್ಲುತ್ತದೆ. ನಮ್ಮ 'ಥಳುಕಿನ' ಎಂಬುದಕ್ಕೆ ಹತ್ತಿರ. ಕೀಳು ನಡತೆಯನ್ನೂ ಹೀಗೆ ಕರೆಯುವುದುಂಟು. ಇಷ್ಟು ಹಗುರವಾದ ಮಾತಿನೊಳಗೆ ಒಬ್ಬ ಸಾಧ್ವಿಯ ಹೆಸರು ಅಡಗಿದೆಯೆಂದರೆ ನೀವು ನಂಬುವಿರಾ?

ಆಕೆ ಎಥೆಲ್‌ಡ್ರೆಡಾ, ಜನರ ಬಾಯಲ್ಲಿ ಆಡ್ರಿ. ಏಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರಭಾಗದ ನಾರ್ತಂಬ್ರಿಯ ರಾಜ್ಯಕ್ಕೆ ರಾಣಿಯಾಗಿದ್ದವಳು. ಅರಮನೆಯನ್ನು ತೊರೆದು, ಜವುಗು ನೆಲದ ನಡುವಣ ಈಲಿ ಎಂಬಲ್ಲಿ 673ರಲ್ಲಿ ಮಠವೊಂದನ್ನು ಸ್ಥಾಪಿಸಿ ಅದರ ಮುಖ್ಯಸ್ಥೆಯಾದಳು. 679ರಲ್ಲಿ, ಕೊರಳಲ್ಲಿ ಬಾವು ಎದ್ದು ನರಳುತ್ತಿದ್ದಾಗ, ತೀರಿಕೊಂಡಳು. ಎಳೆವಯಸ್ಸಿನಲ್ಲಿ ಕೊರಳಿಗೆ ಹೇರಿಕೊಂಡ ಹಾರಗಳ ಪಾಪ ಈ ನೋವಿನಿಂದ ತೀರುತ್ತದೆಂದು ಆಕೆ ಅದನ್ನು ಸಂತೋಷದಿಂದ ಸಹಿಸಿದಳಂತೆ. 731ರಲ್ಲಿ ತನ್ನ ಧರ್ಮಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಸಂನ್ಯಾಸಿ ಹೀಗೆ ಬರೆದಿದ್ದಾನೆ.

ಜನ ಆಕೆಯನ್ನು 'ಸೇಂಟ್', ಎಂದರೆ ಸಂತಳು, ಎಂದು ಪೂಜಿಸಿದರು. ಅಕ್ಟೋಬರ್ 17ರ ಆಕೆಯ ಹಬ್ಬಕ್ಕೆ ಈಲಿಯಲ್ಲಿ ಜಾತ್ರೆ ಕೂಡುತ್ತಿತ್ತು. ಜಾತ್ರೆಯೆಂದ ಮೇಲೆ ಅಂಗಡಿಗಳು ಇರಬೇಕಷ್ಟೆ. ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆಯ ಪಟ್ಟಿಗೆ 'ಸೇಂಟ್ ಆಡ್ರಿ ಲೇಸ್' ಎಂದು ಹೆಸರಾಯಿತು. ಇದನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ: 'ಸೇಂಟ್' ಎಂಬುದರ ಕೊನೆಯ ಟಕಾರ ಮುಂದಿನ ಆಕಾರದೊಡನೆ ಕೂಡಿಕೊಳ್ಳುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಸಂಧಿಯಾದುದನ್ನು ಬಿಡಿಸುವಾಗ ಜನ ತಪ್ಪಾದ ಕಡೆ ಕಡಿದರು, 'ಟಾಡ್ರಿ' ಹುಟ್ಟಿತು.

ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ತನ್ನ ನಲ್ಲನಿಂದ ಇದೇ ಟಾಡ್ರಿ ಲೇಸನ್ನು ಬೇಡುತ್ತಾಳೆ. ಅವಳಿಗೆ ಅದು ಆಸೆಯ ವಸ್ತು. ಆದರೆ ಬರಬರುತ್ತ ಸರಕು ಅಗ್ಗವಾಯಿತು; ಹದಿನೇಳನೆಯ ಶತಮಾನ ಮುಗಿಯುವುದರೊಳಗೆ ಹೆಸರೂ ಅಗ್ಗವಾಯಿತು.

ಆಕೆಯ ಹೆಸರನ್ನು ಕೆಡಿಸಬೇಕೆಂದು ಯಾರೂ ಹೊರಟಿರಲಿಲ್ಲ. ಭಕ್ತರು ಕೊಂಡರು, ವರ್ತಕರು ಮಾರಿದರು, ಬಾಯಿ ಅವಸರಪಟ್ಟಿತು, ಅಷ್ಟೆ. ಕೊರಳ ಹಾರಕ್ಕಾಗಿ ಪಶ್ಚಾತ್ತಾಪಪಟ್ಟವಳ ಹೆಸರು ಕೊರಳ ಪಟ್ಟಿಗೇ ಅಂಟಿಕೊಂಡಿತು. ನಿಘಂಟು ಈ ಪದಕ್ಕೆ ಅರ್ಥ ಹೇಳೀತು. ಅದರ ಹಿಂದಿರುವ ಹೆಂಗಸನ್ನು ನೆನೆಯುವ ಕೆಲಸ ಮಾತ್ರ ಓದುವ ನಿಮಗೆ ಸೇರಿದ್ದು.